ಒಂಬತ್ತನೆಯ ನುಡಿ

ಅಡಿವೆಯ್ಯಜ್ಜನವರ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಗಂಟು ಗುರುವಿನದು, ನಿದ್ದೆಗೆಟ್ಟವನು ಶಿಷ್ಯ.

ಶಿಷ್ಯನ ಹೆಸರು ರೇವಯ್ಯ. ಮಠಕ್ಕೆ ಬರುವ ಮುಂಚೆ ತಾಲ್ಲೂಕಿನ ಊರಲ್ಲಿ ಕಂಪ್ಯೂಟರು ಇಟ್ಟುಕೊಂಡು ಲಗ್ನಪತ್ರಿಕೆ ಟೈಪು ಮಾಡುತ್ತಿದ್ದ. ಊರಿನ ಅರ್ಧ ಮದುವೆಗಳು ಅವನ ಬೆರಳ ತುದಿಯಿಂದ ಹಾದುಹೋದವು, ಅವನದು ಮಾತ್ರ ಕೂಡಿಬರಲಿಲ್ಲ. ಒಂದು ದಿನ ಅಂಗಡಿಯ ಕದ ಎಳೆದುಕೊಂಡು ಹೊಳೆ ದಂಡೆಯ ಈ ಮಠಕ್ಕೆ ಬಂದ, ಅಜ್ಜನ ಕಾಲು ಹಿಡಿದ, ಉಳಿದುಬಿಟ್ಟ.

ಮಠವೆಂದರೆ ಹೆಚ್ಚೇನಿಲ್ಲ. ಎರಡು ಕೋಣೆ, ಒಂದು ದಾಸೋಹದ ಒಲೆ, ಒಲೆಯ ಮುಂದೆ ಅಡುಗೆಯ ಕಾಶವ್ವ, ಹಿತ್ತಿಲಲ್ಲಿ ಹೊಳೆ.

ಆಸ್ತಿಯೆಂದರೆ ಒಂದು ಪದ. ಮೂಲಗುರು ಕಟ್ಟಿ ಹಾಡಿದ್ದು, ಬಾಯಿಂದ ಬಾಯಿಗೆ ಬಂದದ್ದು. ಒಂಬತ್ತು ನುಡಿ. ಪೂರ್ತಿ ಹಾಡಲು ಒಂದು ಹಂಡೆ ಅನ್ನ ಬೇಯುವಷ್ಟು ಹೊತ್ತು ಬೇಕು.

ಅದಕ್ಕೊಂದು ಕಟ್ಟಳೆಯಿತ್ತು. ಪದವನ್ನು ನಡುವೆ ನಿಲ್ಲಿಸುವಂತಿಲ್ಲ. ನಿಂತರೆ ಮೊದಲಿಂದ ಹಾಡಬೇಕು. ಹಿಂದಿನ ಎಂಟು ನುಡಿ ಹಾಡದೆ ಒಂಬತ್ತನೆಯದನ್ನು ಬಾಯಿಗೆ ತರುವಂತಿಲ್ಲ.

ವರ್ಷಕ್ಕೊಮ್ಮೆ ಮೂಲಗುರುವಿನ ಆರಾಧನೆಯ ದಿನ ಮಠದ ಗುರು ಹೊಳೆಯಲ್ಲಿ ಎದೆಮಟ್ಟ ನಿಂತು ಅದನ್ನು ಹಾಡುತ್ತಾರೆ. ಎಂಟನೆಯ ನುಡಿ ಮುಗಿಯುವ ಹೊತ್ತಿಗೆ ದಂಡೆಯ ಭಕ್ತರಿಗೆ ಹುಗ್ಗಿಯ ವಾಸನೆ ಬಡಿದು ಜಯಘೋಷ ಎದ್ದುಬಿಡುತ್ತದೆ. ಹಾಗಾಗಿ ಒಂಬತ್ತನೆಯ ನುಡಿಯನ್ನು ನೆಟ್ಟಗೆ ಕೇಳಿದವು ಹೊಳೆಯ ಮೀನುಗಳು ಮಾತ್ರ.

ರೇವಯ್ಯನೂ ಕೇಳಿರಲಿಲ್ಲ. ಅವನು ಮೈಕ್‌ಸೆಟ್ಟಿನ ವೈರು ಕಾಯುತ್ತಿದ್ದ. ಪದ ಕಲಿತಿದ್ದ ಹಿರಿಯ ಶಿಷ್ಯನೊಬ್ಬನಿದ್ದ, ಹೋದ ವರ್ಷ ತೀರಿಕೊಂಡ. ಇನ್ನು ರೇವಯ್ಯ, ತನಗೆ ಬರುವುದು ಲಗ್ನಪತ್ರಿಕೆ, ಪದ ಅಲ್ಲ ಎಂದು ಎಂದೋ ತೀರ್ಮಾನ ಮಾಡಿಕೊಂಡಿದ್ದ.

ದೊಡ್ಡ ಊರಿನ ಡಾಕ್ಟರು ಗಂಟು ನೋಡಿ, ಕೊಯ್ದು ತೆಗೆಯಬೇಕು ಎಂದರು. ಜೀವಕ್ಕೆ ಭಯವಿಲ್ಲ, ದನಿಯ ಮಾತು ಮಾತ್ರ ಹೇಳಲಾಗದು ಎಂದರು. ಬರುವ ಸೋಮವಾರ ಬನ್ನಿ ಎಂದರು.

ಅಜ್ಜ ತಲೆಯಾಡಿಸಿ ಹೊರಗೆ ಬಂದು ಒಂದು ಲೋಟ ಕಬ್ಬಿನ ಹಾಲು ಕುಡಿದರು. ರೇವಯ್ಯನ ಲೋಟ ಹಾಗೇ ಉಳಿಯಿತು. ಪದ ಇರುವುದು ಆ ಒಂದೇ ಗಂಟಲಲ್ಲಿ, ಕತ್ತರಿ ಬೀಳುವುದೂ ಅಲ್ಲಿಗೇ.

ಮಠದ ಹಿರಿಯರು ಸೇರಿ ಒಂದು ದಾರಿ ಹುಡುಕಿದರು. ಭಕ್ತರೊಬ್ಬರು ಕೊಟ್ಟ ಹಳೆಯ ಲ್ಯಾಪ್‌ಟಾಪೊಂದು ಮಠದಲ್ಲಿತ್ತು. ಸೋಮವಾರದೊಳಗೆ ರೇವಯ್ಯ ಪದವನ್ನು ಅದರಲ್ಲಿ ಹಿಡಿದಿಡಬೇಕು. ಮುಂದೆ ದನಿ ಇರಲಿ ಬಿಡಲಿ, ಆರಾಧನೆಯ ದಿನ ಮೈಕಿನಲ್ಲಿ ಹಚ್ಚಿದರಾಯಿತು.

ಯಾರದಾದರೂ ಮೊಬೈಲಿನಲ್ಲಿ ಹಿಡಿಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಮೊಬೈಲು ಹೊಸ್ತಿಲ ಆಚೆಗಿರಲಿ ಎಂದು ಅಜ್ಜನದೇ ಅಪ್ಪಣೆಯಿತ್ತು. ಲ್ಯಾಪ್‌ಟಾಪೂ ಅದೇ ಕುಲದ್ದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ರೇವಯ್ಯನಂತೂ ಹೇಳುವವನಲ್ಲ.

ಗುರುವಿನ ಮಾತು ಬರಿ ನೆಲಕ್ಕೆ ಬೀಳಬಾರದು ಎಂಬುದು ಆ ಮಠದ ಇನ್ನೊಂದು ನಡೆ. ಗುರುವಿನ ಎದುರಿಗೆ ಮಣೆ, ಮಣೆಯ ಮೇಲೆ ಮಡಿಸಿದ ಕರಿಕಂಬಳಿ. ಮಾತನ್ನು ಪಡೆಯುವುದು ಯಾವುದೇ ಇರಲಿ, ಅದರ ಜಾಗ ಆ ಕಂಬಳಿ. ಪುಸ್ತಕವಾದರೆ ಪುಸ್ತಕ, ಉಪದೇಶಕ್ಕೆ ಬಂದ ಶಿಷ್ಯನಾದರೆ ಶಿಷ್ಯ.

ರೇವಯ್ಯ ಲ್ಯಾಪ್‌ಟಾಪನ್ನು ಕಂಬಳಿಯ ಮೇಲೆ ಕೂರಿಸಿದ. ಅದರ ಹಣೆಗೆ ವಿಭೂತಿ ಬಳಿದ, ಒಂದು ಚೆಂಡುಹೂ ಏರಿಸಿದ, ಕೈಮುಗಿದ. ಕೋಣೆಯ ಕಿಟಕಿ ಮುಚ್ಚಿ ಅಜ್ಜನ ಕೊರಳಿಗೆ ಮಫ್ಲರು ಎರಡು ಸುತ್ತು ಸುತ್ತಿದ. ಗಾಳಿ ತಾಗೀತು ಎಂಬ ಭಯ ಅವನಿಗೆ.

ಅಜ್ಜ ಏಕತಾರಿ ಮೀಟಿದರು.

“ನೀರ ಮ್ಯಾಲ ಮನಿಯ ಕಟ್ಟಿ ನೆರಳಿಗಿ ಬಾಗಿಲ ಹಚ್ಚಿದೆ…”

ಪದ ಅರ್ಧ ದಾಟಿತ್ತೋ ಇಲ್ಲವೋ, ಪರದೆ ನೀಲಿಯಾಗಿ ಅದರ ತುಂಬ ಬಿಳಿ ಅಕ್ಷರ ಬಂತು. ಆಮೇಲೆ ಕಪ್ಪಾಯಿತು. ರೇವಯ್ಯ ಮತ್ತೆ ಚಾಲೂ ಮಾಡಿದ. ಹಿಡಿದದ್ದು ಒಂದು ಅಕ್ಷರವೂ ಉಳಿದಿರಲಿಲ್ಲ.

ಅವನು ನಾಲಿಗೆ ಕಚ್ಚಿಕೊಂಡು ಕೇಳಿದ. “ಅಜ್ಜಾರ, ಮೊದಲಿಂದ ಮತ್ತೊಮ್ಮಿ.”

ಅಜ್ಜ ಮೊದಲಿಂದ ಹಾಡಿದರು. ಯಂತ್ರ ಮತ್ತೆ ಸತ್ತಿತು.

ರೇವಯ್ಯ ರಿಪೇರಿಗಿಳಿದ. ಚಾರ್ಜರು ಬದಲಿಸಿದ. ಮೈಕು ಬದಲಿಸಿದ. ವೈರಸ್ಸಿರಬೇಕೆಂದು ಅದನ್ನು ಹುಡುಕುವ ಸಾಫ್ಟ್‌ವೇರು ಹಾಕಿದ, ವೈರಸ್ಸು ಸಿಗದಿದ್ದಾಗ ಆ ಸಾಫ್ಟ್‌ವೇರಿನ ಮೇಲೇ ಅನುಮಾನಪಟ್ಟು ತೆಗೆದ. ಭಕ್ತರ ಹಳೆಯ ಫೋಟೋಗಳನ್ನೆಲ್ಲ ಅಳಿಸಿ ಜಾಗ ಮಾಡಿದ. ಕಡೆಗೆ ಒಳಗಿದ್ದುದನ್ನೆಲ್ಲ ಗುಡಿಸಿ ಹಾಕಿ ಹೊಸದಾಗಿ ತುಂಬಿದ. ಒಂದು ಮಾಡಿ ನೋಡೋಣ ಎಂಬ ತಾಳ್ಮೆ ಇಲ್ಲ, ನಾಲ್ಕು ಒಟ್ಟಿಗೇ ಮಾಡುತ್ತಿದ್ದ. ವಿಭೂತಿಯನ್ನು ಮಾತ್ರ ದಿನವೂ ಸ್ವಲ್ಪ ಹೆಚ್ಚಿಗೆ ಬಳಿಯುತ್ತಿದ್ದ.

ಪ್ರತಿ ಸಲವೂ ಅಜ್ಜನ ಮುಂದೆ ಕೂತು ಅದೇ ಮಾತು. “ಮೊದಲಿಂದ ಮತ್ತೊಮ್ಮಿ ಅಜ್ಜಾರ.”

ಹೇಳುವಾಗ ಅವನ ಮುಖ ನೆಲ ನೋಡುತ್ತಿತ್ತು. ಅಜ್ಜನ ದನಿ ದಿನೇ ದಿನೇ ಸವೆಯುತ್ತಿರುವುದು ಅವನ ಕಿವಿಗೆ ಬೀಳುತ್ತಿತ್ತು. ಕಾಶವ್ವ ಕಷಾಯದ ಲೋಟ ಇಡಲು ಬಂದವಳು ಒಮ್ಮೆ ಅಂದೇಬಿಟ್ಟಳು.

“ಯಂತ್ರ ಸುಧಾರಿಸಾಕ ಹೋಗಿ ಮನಶ್ಯಾನ್ನ ಕೆಡಸ್ತಿ ನೀ.”

ಆ ಮಾತು ರೇವಯ್ಯನಿಗೆ ಮುಳ್ಳಿನಂತೆ ನೆಟ್ಟಿತು.

ಶುಕ್ರವಾರ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಸ್ಸು ಹತ್ತಿದ. ತಾಲ್ಲೂಕಿನ ಬಜಾರದಲ್ಲಿ ಅವನ ಹಳೆಯ ಪರಿಚಯದ ರಿಪೇರಿಯವನು ಅದನ್ನು ಕಬ್ಬಿಣದ ಟೇಬಲ್ಲಿನ ಮೇಲಿಟ್ಟು ಚಾಲೂ ಮಾಡಿದ. ಅದು ಬೆಳಿಗ್ಗೆಯಿಂದ ಸಂಜೆಯವರೆಗೆ ಕೆಮ್ಮಲಿಲ್ಲ, ಸೀನಲಿಲ್ಲ. ಇದಕ್ಕೇನೂ ಆಗಿಲ್ಲ, ನಿನಗೇ ಏನೋ ಆಗಿದೆ ಎಂದು ರಿಪೇರಿಯವನು ನಕ್ಕ.

ರೇವಯ್ಯ ಕುಣಿದಾಡುತ್ತ ಮರಳಿದ. ಕಂಬಳಿಯ ಮೇಲಿಟ್ಟ, ಹೂ ಏರಿಸಿದ, ಅಜ್ಜ ಹಾಡಿದರು, ಯಂತ್ರ ಸತ್ತಿತು.

ಬಜಾರದಲ್ಲಿ ಬದುಕುವುದು ಮಠದಲ್ಲಿ ಸಾಯುತ್ತದೆ. ಇದು ವೈರಿನ ದೋಷವಲ್ಲ, ಇದರಲ್ಲಿ ಬೇರೇನೋ ಇದೆ. ಅನ್ನ ಸೇರದೆ ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತ.

ಅಜ್ಜ ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂತರು.

“ಅಜ್ಜಾರ, ಪದಕ್ಕ ಯಂತ್ರದಾಗ ಹೋಗಾಕ ಮನಸಿಲ್ಲರಿ. ಅದಕ್ಕ ಕೊಲ್ಲಾಕತ್ತೈತಿ.”

“ಪದಕ್ಕ ಬ್ಯಾರೆ ಉದ್ಯೋಗ ಇಲ್ಲೇನು?”

“ಹಂಗಾರ ನನ್ನ ಕರ್ಮ ಅಡ್ಡ ಬಂದಿರಬೇಕರಿ.”

“ನಿನ್ನ ಕರ್ಮ ಕರೆಂಟಿನ ವೈರಿನಾಗ ಹರೀತೈತೇನು?”

ಇಷ್ಟು ದೊಡ್ಡ ಭಯವನ್ನು ಅಜ್ಜ ಇಷ್ಟು ಹಗುರಕ್ಕೆ ತೆಗೆದುಕೊಂಡದ್ದಕ್ಕೆ ರೇವಯ್ಯನಿಗೆ ಒಳಗೊಳಗೇ ನೋವಾಯಿತು.

ಅಜ್ಜ ನೀರು ನೋಡುತ್ತ ಕೇಳಿದರು. “ಅದು ಯಾವಾಗ ಸಾಯ್ತೈತಿ?”

“ಯಾವಾಗರ ಸಾಯ್ತೈತ್ರಿ. ಅದಕ್ಕ ಹೊತ್ತು ಗೊತ್ತು ಇಲ್ಲ.”

“ಇವತ್ತ ಯಾವ ಮಾತಿಗೆ ಸತ್ತಿತು?”

ರೇವಯ್ಯ ಇಷ್ಟು ದಿನದಿಂದ ಗುರುವಿನ ಎದುರಿಗೇ ಕೂತಿದ್ದಾನೆ. ಕಣ್ಣು ಪರದೆಯ ಮೂಲೆಯಲ್ಲಿ ರೆಕಾರ್ಡಿಂಗು ತೋರಿಸುವ ಕೆಂಪು ಚುಕ್ಕಿಯ ಮೇಲೆ, ಜೀವ ಆ ಚುಕ್ಕಿಯೊಳಗೆ. ಅಜ್ಜ ಹಾಡಿದ್ದರಲ್ಲಿ ಮೊದಲ ಸಾಲು ಬಿಟ್ಟರೆ ಮುಂದಿನದು ಅವನಿಗೆ ಕೇಳಿಸಿರಲೇ ಇಲ್ಲ.

“ನಾಳೆ ಅದರ ಮಾರಿ ನೋಡಬ್ಯಾಡ. ಪದ ಕೇಳು. ಯಾವ ಮಾತಿಗೆ ಸತ್ತಿತು, ಅಷ್ಟ ಹೇಳು.”

“ಸತ್ತ ಮ್ಯಾಲ ಏನ್ ರಿಪೇರಿ ಮಾಡ್ಲಿರಿ?”

“ಏನೂ ಮಾಡಬ್ಯಾಡ.”

ಏನೂ ಮಾಡದಿರುವುದು ರೇವಯ್ಯನಿಗೆ ಬೆನ್ನ ಮೇಲೆ ಇರುವೆ ಬಿಟ್ಟುಕೊಂಡು ಕೂತಂತೆ. ಶನಿವಾರ ಬೆಳಿಗ್ಗೆ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು, ಕಣ್ಣು ಮುಚ್ಚಿಕೊಂಡು ಕೂತ. ಪರದೆ ಕಾಣದು, ಚುಕ್ಕಿ ಕಾಣದು. ಕಿವಿಯೊಂದೇ ಉಳಿಯಿತು. ಎಲ್ಲಿ ನಿಲ್ಲುತ್ತದೋ, ಎಲ್ಲಿ ನಿಲ್ಲುತ್ತದೋ ಎಂದು ಒಂದೊಂದು ಮಾತನ್ನೂ ಕಳ್ಳನ ಹೆಜ್ಜೆ ಆಲಿಸಿದಂತೆ ಆಲಿಸಿದ.

ಯಂತ್ರದ ಒಳಗೆ ಸಣ್ಣಗೆ ಗುಂಯ್‌ಗುಡುತ್ತಿದ್ದುದು ಒಮ್ಮೆಲೇ ನಿಂತಿತು. ಅಜ್ಜನೂ ನಿಂತರು.

“ಯಾವ ಮಾತಿಗೆ?”

“ಎಣ್ಣಿ ತೀರಿದ ಮನಿಯಾಗ ಬತ್ತಿ ಯಾರ ಬೈತೈತಿ… ಬತ್ತಿ ಅನ್ನೂದಕ್ಕ ಸತ್ತಿತ್ರಿ. ಆರನೇ ನುಡಿ.”

“ಹಚ್ಚು.”

ಅಜ್ಜ ಆಗಲೇ ಮೊದಲಿಂದ ಎತ್ತಿಕೊಂಡರು. ಈ ಸಲ ಮೂರನೆಯ ನುಡಿಗೇ ಸತ್ತಿತು. “ಹಿಟ್ಟಿಲ್ಲದ ಬೀಸುಕಲ್ಲು ಹಾಡ ಬೀಸಿ ದಣಿದಿತ್ತು” ಎಂಬಲ್ಲಿ. ಬೀಸುಕಲ್ಲು ಎಂಬ ಮಾತಿನ ಮೇಲೆ ಅಜ್ಜ ದನಿಯನ್ನು ಒಂದು ಸುತ್ತು ತಿರುಗಿಸುತ್ತಾರೆ, ಅದು ಆಗಷ್ಟೇ ರೇವಯ್ಯನಿಗೆ ತಿಳಿಯಿತು.

ಮೂರನೆಯ ಸಲ ಎರಡನೆಯ ನುಡಿಯೂ ದಾಟಲಿಲ್ಲ.

ಮಧ್ಯಾಹ್ನ ಉಂಡು ಮಲಗಿ ಎದ್ದ ಮೇಲೆ ಹಚ್ಚಿದರೆ ಮತ್ತೆ ಆರಕ್ಕೆ ಬಂತು. ಸಂಜೆ ಏಳನೆಯ ನುಡಿಯವರೆಗೆ ಹೋಯಿತು. “ತುಂಬಿದ ಕೊಡ ಹೊತ್ತವಳು ನೀರಡಿಸಿ ಕುಂತಾಳ” ಎಂಬಲ್ಲಿ ನಿಂತಿತು.

ಅಜ್ಜ ಮಾತು ಕಡಿಮೆ ಮಾಡಿದ್ದರು. ಇದ್ದ ದನಿಯನ್ನೆಲ್ಲ ಪದಕ್ಕೆ ಉಳಿಸಿಕೊಳ್ಳುತ್ತಿದ್ದಾರೆ ಎಂದು ರೇವಯ್ಯನಿಗೆ ಅರ್ಥವಾಯಿತು. ಸಾಕು ಬಿಡ್ರಿ ಅಜ್ಜಾರ ಎಂದು ಅವನ ನಾಲಿಗೆಯ ತುದಿಗೆ ಬರುತ್ತಿತ್ತು. ಸಾಕು ಎಂದರೆ ಪದ ಹೋಯಿತು, ಬೇಕು ಎಂದರೆ ದನಿ ಹೋಯಿತು. ಅತ್ತ ದರಿ ಇತ್ತ ಪುಲಿ.

ಭಾನುವಾರ ಬೆಳಿಗ್ಗೆ ಎಲ್ಲಕ್ಕಿಂತ ದೂರ ಹೋಯಿತು. ಎಂಟನೆಯ ನುಡಿ ಮುಗಿಯಿತು. ಒಂಬತ್ತಕ್ಕೆ ಅಜ್ಜ ಉಸಿರು ಎಳೆದುಕೊಂಡರು, ಯಂತ್ರ ಉಸಿರು ಬಿಟ್ಟಿತು.

ರೇವಯ್ಯನಿಗೆ ಅಳು ಬಂತು. ಅಡಗಿಸಲಿಲ್ಲ, ಅತ್ತ.

ಅಳು ಮುಗಿಯುವವರೆಗೆ ಅಜ್ಜ ಏಕತಾರಿಯ ತಂತಿ ಒರೆಸುತ್ತ ಕೂತಿದ್ದರು. ಆಮೇಲೆ ಕೇಳಿದರು. “ಏನ್ ಕೇಳಿದಿ?”

ರೇವಯ್ಯ ಮೂಗು ಒರೆಸಿಕೊಂಡು ನೆನಪು ಮಾಡಿಕೊಂಡ. ಹೇಳುತ್ತ ಹೇಳುತ್ತ ಅವನಿಗೇ ದಾರಿ ಕಾಣತೊಡಗಿತು. ಸತ್ತ ಕೂಡಲೇ ಹಚ್ಚಿದರೆ ಬೇಗ ಸಾಯುತ್ತದೆ. ಬಿಟ್ಟು ಹಚ್ಚಿದರೆ ತಡೆಯುತ್ತದೆ. ತಂಪು ಹೊತ್ತಿನಲ್ಲಿ ಇನ್ನೂ ತಡೆಯುತ್ತದೆ.

“ದಣಿದಂಗ ಮಾಡ್ತೈತ್ರಿ.”

“ಬಜಾರದಾಗ ದಣೀಲಿಲ್ಲ?”

“ಇಲ್ಲರಿ. ಅಲ್ಲಿ ಕಬ್ಬಿಣದ ಟೇಬಲ್ ಮ್ಯಾಲ ಇತ್ತು.”

“ದಣಿದವರ ಮೈ ಮುಟ್ಟಿ ನೋಡೂ ಪದ್ಧತಿ ಐತಿ.”

ರೇವಯ್ಯ ಲ್ಯಾಪ್‌ಟಾಪಿನ ಅಡಿಗೆ, ಕಂಬಳಿಗೂ ಅದಕ್ಕೂ ನಡುವೆ ಕೈ ತೂರಿಸಿದ. ತೂರಿಸಿದ ಕೈಯನ್ನು ಹಾಗೇ ಹಿಂದಕ್ಕೆಳೆದುಕೊಂಡ. ರೊಟ್ಟಿ ಸುಡುವ ಹಂಚು ಮುಟ್ಟಿದಂತಾಗಿತ್ತು.

ಎತ್ತಿ ತಿರುವಿ ನೋಡಿದ. ಅಡಿಯಲ್ಲಿ ಗಾಳಿ ಎಳೆದುಕೊಳ್ಳುವ ಸೀಳುಗಳಿದ್ದವು. ಸೀಳುಗಳಿಗೆ ಕಂಬಳಿಯ ಕರಿ ಉಣ್ಣೆ ಹತ್ತಿತ್ತು. ಉಣ್ಣೆಯ ಹಿಂದೆ ಫ್ಯಾನಿನ ರೆಕ್ಕೆಗಳಿಗೆ ವಿಭೂತಿ ಗಾರೆ ಮೆತ್ತಿದಂತೆ ಮೆತ್ತಿತ್ತು. ಒಂದು ಚೆಂಡುಹೂವಿನ ಎಸಳು ಅಡ್ಡ ಸಿಕ್ಕಿಕೊಂಡು ಸುಟ್ಟು ಕಂದಾಗಿತ್ತು.

ಹಾಸಿಗೆಯ ಮೇಲೆ ಇಟ್ಟುಕೊಂಡು ಕೆಲಸ ಮಾಡಬೇಡಿ, ಕೆಳಗಿನ ಗಾಳಿ ಕಟ್ಟುತ್ತದೆ ಎಂದು ಅಂಗಡಿಯ ದಿನಗಳಲ್ಲಿ ಗಿರಾಕಿಗಳಿಗೆ ಬುದ್ಧಿ ಹೇಳುತ್ತಿದ್ದವನು ಇವನೇ. ಆದರೆ ಕಂಬಳಿಯನ್ನು ಅವನು ಹಾಸಿಗೆಯೆಂದು ಒಂದು ದಿನವೂ ನೋಡಿರಲಿಲ್ಲ. ಅದು ಗದ್ದುಗೆ. ಗದ್ದುಗೆಯಿಂದ ಕೇಡು ಬಂದೀತೆಂದು ಯಾರು ನೆನೆದಾರು?

“ಅಜ್ಜಾರ, ನಿಮಗ ಮೊದಲ ಗೊತ್ತಿತ್ತೇನ್ರಿ?”

“ನನಗೇನ್ ಗೊತ್ತಿರ್ತೈತಿ. ನಾ ಏನ್ ಕಂಪ್ಯೂಟರ್ ಕಲಿತೇನೇನು?” ಅಜ್ಜ ಕೊರಳಿನ ಮಫ್ಲರನ್ನು ಬಿಚ್ಚಿ ಅವನ ತೊಡೆಯ ಮೇಲೆ ಹಾಕಿದರು. “ನೀ ಹೊಚ್ಚಿದ್ರ ಹೆಂಗಾಕ್ಕೈತಿ ಅನ್ನೂದು ಮಾತ್ರ ಗೊತ್ತು.”

ರೇವಯ್ಯನಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಎದ್ದು ಹೋಗಿ ಕಿಟಕಿ ತೆರೆದ. ಹೊಳೆಯ ಗಾಳಿ ಒಳಗೆ ಬಂತು, ಅಜ್ಜ ಹಾಯೆನ್ನುವಂತೆ ಕೊರಳು ನೀವಿಕೊಂಡರು.

ಫ್ಯಾನನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಊದಿ, ಒರೆಸಿ ಮುಗಿಸುವ ಹೊತ್ತಿಗೆ ಸಂಜೆಯಾಯಿತು. ಇನ್ನು ಇಡುವುದು ಎಲ್ಲಿ? ಮಾತು ಬರಿ ನೆಲಕ್ಕೆ ಬೀಳುವಂತಿಲ್ಲ. ರೇವಯ್ಯ ಲ್ಯಾಪ್‌ಟಾಪನ್ನು ಕೈಯಲ್ಲಿ ಹಿಡಿದುಕೊಂಡು ಕೋಣೆಯ ತುಂಬ ತಿರುಗಾಡಿದ.

ಅಜ್ಜ ಅಡುಗೆಮನೆಗೆ ಹೋದರು. ಒಲೆಯ ಪಕ್ಕದಲ್ಲಿದ್ದ ಎರಡು ಇಟ್ಟಿಗೆ ತಂದು ನಡುವೆ ಜಾಗ ಬಿಟ್ಟು ನೆಲದ ಮೇಲಿಟ್ಟರು. ಇಟ್ಟಿಗೆಗೆ ಮಸಿ ಹಿಡಿದಿತ್ತು. ಲ್ಯಾಪ್‌ಟಾಪನ್ನು ಅವನ ಕೈಯಿಂದ ಇಸಿದುಕೊಂಡು ಅವುಗಳ ಮೇಲೆ ಕೂರಿಸಿದರು.

“ಅಜ್ಜಾರ, ಮಸಿ.”

“ಅದಕ್ಕೇನ್ ಮಡಿ ಐತೇನು?”

ಆಮೇಲೆ ಕಂಬಳಿಯನ್ನು ಬಾಗಿಲಾಚೆ ಕೊಡವಿ, ಮೊದಲಿನಂತೆ ಮಡಿಸಿ, ತಮ್ಮ ಎದುರಿನ ಮಣೆಯ ಮೇಲೆ ಹಾಸಿದರು. ಈಗ ಅದರ ಮೇಲೆ ಏನೂ ಇರಲಿಲ್ಲ. ಗಾಳಿಗೆ ಹಾಕಿರಬೇಕು ಎಂದುಕೊಂಡ ರೇವಯ್ಯ.

ಯಂತ್ರವನ್ನು ಚಾಲೂ ಮಾಡಿ ಬಿಟ್ಟರು. ಅಡುಗೆಯಾಯಿತು, ಊಟವಾಯಿತು, ಅದು ನಡೆಯುತ್ತಲೇ ಇತ್ತು. ರೇವಯ್ಯ ಹತ್ತು ಸಲ ಹೋಗಿ ಮೈ ಮುಟ್ಟಿ ನೋಡಿದ, ಮಗುವಿನ ಹಣೆಯಷ್ಟು ಬೆಚ್ಚಗಿತ್ತು. ಅಜ್ಜನ ದನಿ ಒಂದಿಷ್ಟು ವಿಶ್ರಾಂತಿ ತೆಗೆದುಕೊಳ್ಳಲಿ, ನಸುಕಿನಲ್ಲಿ ಹಾಡೋಣ ಎಂದು ಆಯಿತು. ಆಸ್ಪತ್ರೆಗೆ ಒಯ್ಯುವ ಜೀಪು ಬರುವುದರೊಳಗೆ ಮುಗಿಯುತ್ತದೆ.

ಸೋಮವಾರ ನಸುಕಿನಲ್ಲಿ ಅಜ್ಜ ಮಿಂದು ಬಂದು ಕೂತರು. ಕಿಟಕಿ ತೆರೆದಿತ್ತು. ಯಂತ್ರ ಇಟ್ಟಿಗೆಯ ಮೇಲಿತ್ತು, ಕೆಂಪು ಚುಕ್ಕಿ ಉರಿಯುತ್ತಿತ್ತು. ಏಕತಾರಿ ಎದ್ದಿತು.

“ನೀರ ಮ್ಯಾಲ ಮನಿಯ ಕಟ್ಟಿ…”

ಮೊದಲ ನುಡಿ ದಾಟಿತು. ಎರಡನೆಯ ನುಡಿಯ ಏರಿನಲ್ಲಿ ದನಿ ಒಡೆಯಿತು. ಬಾಯಿ ತೆರೆದೇ ಇತ್ತು, ಬಂದದ್ದು ಗಾಳಿ.

ಅಜ್ಜ ಕೆಮ್ಮಿ ಮತ್ತೆ ಎತ್ತಿಕೊಂಡರು. ಗಾಳಿ. ಕಾಶವ್ವ ಬಿಸಿನೀರು ತಂದಳು, ಕುಡಿದರು, ಎತ್ತಿಕೊಂಡರು. ಗಾಳಿಯೇ ಬಂತು.

ಯಂತ್ರ ಸಾಯಲಿಲ್ಲ. ಕೆಮ್ಮನ್ನೂ ಗಾಳಿಯನ್ನೂ ನಿಷ್ಠೆಯಿಂದ ಬರೆದುಕೊಳ್ಳುತ್ತ ಕೂತಿತ್ತು.

ಮೊದಲಿಂದ ಮತ್ತೊಮ್ಮಿ ಎನ್ನಲು ರೇವಯ್ಯನಿಗೆ ಬಾಯಿ ಬರಲಿಲ್ಲ. ಯಂತ್ರ ಸರಿಹೋದ ದಿನ ಗುರುವಿನ ದನಿ ಹೋಯಿತು. ಆ ದನಿಯನ್ನು ಸವೆಸಿದವನು ತಾನು. ಯಂತ್ರಕ್ಕೆ ವಿಭೂತಿಯನ್ನೂ ಉಣ್ಣೆಯನ್ನೂ ತುರುಕಿ ಉಸಿರುಗಟ್ಟಿಸಿದವನು ತಾನು. ಎಂಟು ನುಡಿಗಳ ಆಚೆ ನಿಂತಿದ್ದ ಆ ಒಂದು ನುಡಿ ಇನ್ನು ಯಾರಿಗೂ ಇಲ್ಲ. ಅವನಿಗೆ ಹೊಳೆಗೆ ಬೀಳೋಣವೆನಿಸಿತು.

ಅಜ್ಜ ಎದುರಿನ ಕಂಬಳಿಯನ್ನು ಕೈಯಿಂದ ತಟ್ಟಿದರು.

ರೇವಯ್ಯ ನೋಡಿದ. ತಿಳಿಯಲಿಲ್ಲ. ಯಂತ್ರವನ್ನು ಮತ್ತೆ ಅಲ್ಲಿಡು ಎನ್ನುತ್ತಿದ್ದಾರೆ ಎಂದುಕೊಂಡು ಲ್ಯಾಪ್‌ಟಾಪಿಗೆ ಕೈ ಹಾಕಿದ.

ಅಜ್ಜ ಅವನ ಮಣಿಕಟ್ಟು ಹಿಡಿದು ಎಳೆದು ಕಂಬಳಿಯ ಮೇಲೆ ಕೂರಿಸಿದರು. ಏಕತಾರಿ ಮೀಟತೊಡಗಿದರು.

“ನನಗ ಬರಂಗಿಲ್ಲ ಅಜ್ಜಾರ.”

ಅಜ್ಜ ಮುಂದಕ್ಕೆ ಬಾಗಿದರು. ದನಿ ಇರಲಿಲ್ಲ, ಪಿಸುಮಾತು ಇತ್ತು. “ಯಾವ ಮಾತಿಗೆ ಸತ್ತಿತು?”

ರೇವಯ್ಯ ತಬ್ಬಿಬ್ಬಾದ. “ಎಣ್ಣಿ ತೀರಿದ ಮನಿಯಾಗ ಅನ್ನೂದಕ್ಕರಿ.”

“ಅದರ ಹಿಂದಿಂದು?”

ಹೇಳಿದ.

“ಅದರ ಹಿಂದಿಂದು?”

ಅದನ್ನೂ ಹೇಳಿದ. ಬೀಸುಕಲ್ಲು ಬಂತು. ಅದರ ಹಿಂದಿನದು ಬಂತು. ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಇಳಿಯುತ್ತ ಇಳಿಯುತ್ತ ನೀರ ಮೇಲೆ ಕಟ್ಟಿದ ಮನೆಯ ಬಾಗಿಲಿಗೆ ಬಂದು ನಿಂತ. ಇನ್ನು ಹಿಂದಕ್ಕೆ ಹೋಗಲು ಜಾಗವಿರಲಿಲ್ಲ.

ಅಲ್ಲಿಂದ ಎತ್ತಿಕೊಂಡ.

ಚಂದವಾಗಿ ಹಾಡಿದ ಎಂದು ಹೇಳಿದರೆ ಸುಳ್ಳಾದೀತು. ದನಿ ನಡುಗುತ್ತಿತ್ತು, ಏರಿನಲ್ಲಿ ಕೀರಲಾಗುತ್ತಿತ್ತು. 'ಬೀಸುಕಲ್ಲು' ಎಂಬಲ್ಲಿ ದನಿಯನ್ನು ತಿರುಗಿಸಲು ಹೋಗಿ ಜಾರಿದ, ಅಜ್ಜನ ಬೆರಳು ಗಾಳಿಯಲ್ಲಿ ಒಂದು ಸುತ್ತು ಹಾಕಿ ತೋರಿಸಿತು, ಹಿಡಿದುಕೊಂಡ. ಕಾಶವ್ವ ಬಾಗಿಲಲ್ಲಿ ಲೋಟ ಹಿಡಿದವಳು ಹಿಡಿದಂತೆಯೇ ನಿಂತಿದ್ದಳು.

ಎಣ್ಣೆ ತೀರಿದ ಮನೆ ದಾಟಿತು. ತುಂಬಿದ ಕೊಡದವಳು ಬಂದಳು. ಒಮ್ಮೆ ಮಾತ್ರ ಕೇಳಿದ್ದ ಎಂಟನೆಯ ನುಡಿ ಎಲ್ಲಿಂದಲೋ ಬಂದು ನಾಲಿಗೆಯ ಮೇಲೆ ಕೂತಿತು, ಮುಗಿಯಿತು.

ಆಚೆಗೆ ಏನೂ ಇರಲಿಲ್ಲ. ರೇವಯ್ಯ ದಿನವೂ ಯಂತ್ರ ನಿಲ್ಲುತ್ತಿದ್ದಂತೆ ನಿಂತ. ನಡುವೆ ನಿಲ್ಲುವಂತಿಲ್ಲ. ಬೆವರು ಕಣ್ಣಿಗಿಳಿಯಿತು.

ಏಕತಾರಿ ನಿಲ್ಲಲಿಲ್ಲ. ಅಜ್ಜ ಮೀಟುತ್ತಲೇ ಬಾಗಿ ಅವನ ಬಲಗಿವಿಯ ಹತ್ತಿರ ಬಾಯಿ ತಂದರು. ಒಂದು ಸಾಲು ಪಿಸುಗುಟ್ಟಿದರು.

ರೇವಯ್ಯ ಅದನ್ನು ಹಾಡಿದ.

ಇನ್ನೊಂದು ಸಾಲು. ಹಾಡಿದ.

ಆ ನುಡಿ ಏನೆಂದು ಇಲ್ಲಿ ಬರೆಯುವಂತಿಲ್ಲ. ಹಿಂದಿನ ಎಂಟನ್ನು ನಾವಿಲ್ಲಿ ಪೂರ್ತಿ ಹಾಡಿಲ್ಲವಲ್ಲ.

ಪದ ಮುಗಿದ ಮೇಲೂ ತಂತಿ ಸ್ವಲ್ಪ ಹೊತ್ತು ನುಡಿಯುತ್ತಿತ್ತು. ಅಂಗಳದಲ್ಲಿ ಜೀಪು ಬಂದು ನಿಂತು ಹಾರ್ನು ಹೊಡೆಯಿತು.

ರೇವಯ್ಯ ಎಚ್ಚರಗೊಂಡು ಯಂತ್ರದ ಕಡೆ ಓಡಿದ. ನಿಲ್ಲಿಸುವ ಗುಂಡಿ ಒತ್ತಿದ, ಉಳಿಸುವ ಗುಂಡಿ ಒತ್ತಿದ. ಉಳಿಯಿತು. ತೆರೆದು ಹಚ್ಚಿ ನೋಡಿದ. ಮೊದಲ ನುಡಿ ಅಜ್ಜನ ದನಿಯಲ್ಲಿತ್ತು. ಕೆಮ್ಮು ಇತ್ತು. ಆಮೇಲೆ ತನ್ನ ಕೀರಲು ದನಿ, ಒಂಬತ್ತನೆಯ ನುಡಿಯ ಕೊನೆಯ ಮಾತಿನವರೆಗೂ.

ಅವನು ನಗುತ್ತಿದ್ದ, ಮಾತು ಒಂದರ ಮೇಲೊಂದು ಬೀಳುತ್ತಿತ್ತು. ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಹಾಕಿಸುತ್ತೇನೆ, ಸೀಡಿಯಲ್ಲಿ ಒಂದು, ಬಜಾರದ ರಿಪೇರಿಯವನ ಹತ್ತಿರ ಒಂದು ಎಂದ. ಇನ್ನು ಈ ಯಂತ್ರ ಸುಟ್ಟುಹೋದರೂ ಭಯವಿಲ್ಲ ಎಂದ.

“ಆರಾಧನಿ ದಿನ ಇದನ್ನ ಮೈಕಿನಾಗ ಹಚ್ಚಿದ್ರ ಆತ್ರಿ ಅಜ್ಜಾರ. ಯಾರೂ ಹೊಳಿಗೆ ಇಳಿಯೂದ ಬ್ಯಾಡ. ಏಳ್ರಿ, ಜೀಪು ಬಂತು.”

ಕಾಶವ್ವ ಬಟ್ಟೆಯ ಚೀಲ ಹಿಡಿದು ಹೊರಟು ನಿಂತಳು. ಹಾರ್ನು ಇನ್ನೊಮ್ಮೆ ಕೇಳಿತು.

ಅಜ್ಜ ಏಳಲಿಲ್ಲ. ಕೈ ಚಾಚಿ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರು. ಏಕತಾರಿಯನ್ನು ಮತ್ತೆ ತೊಡೆಯ ಮೇಲೆ ತೆಗೆದುಕೊಂಡು, ಎದುರಿನ ಕಂಬಳಿಯನ್ನು ತಟ್ಟಿ ಪಿಸುಗುಟ್ಟಿದರು.

“ಮೊದಲಿಂದ ಮತ್ತೊಮ್ಮಿ, ತಮ್ಮಾ.”